ನ್ಯೂ ವೇವ್ ಗುಂಗಿನ ಸಿಂಥ್-ಪಾಪ್ ಆಲ್ಬಂ ಮನೆಯಲ್ಲೇ ಕಟ್ಟುವುದು: ಮೊದಲ ತಾಳದಿಂದ ಕೊನೆಯ ಮಾಸ್ಟರ್‌ವರೆಗೆ

ಮನೆಯ ಕೋಣೆಯಲ್ಲಿ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯವನ್ನು ನೆಚ್ಚಿದ ಸಿಂಥ್-ಪಾಪ್ ಮಾಡಲು ಹೊರಟವರು ಕೇಳಿಸುವ ಹಾಡುಗಳಲ್ಲಿ ಒಂದೇ ದೋಷ ಮತ್ತೆ ಮತ್ತೆ ಕಾಣಿಸುತ್ತದೆ. ಪ್ರತಿಯೊಂದು ವಾದ್ಯವನ್ನು ಬೇರೆಬೇರೆಯಾಗಿ ಕೇಳಿದರೆ ಚೆಂದವಿರುತ್ತದೆ. ಎಲ್ಲವೂ ಒಟ್ಟಿಗೆ ನುಡಿದಾಗ ತಾಳ ಹಿಂದೆ ಸರಿದು, ಮಾತು ಮುಳುಗಿ, ಇಡೀ ಹಾಡು ಮಂಜಿನಲ್ಲಿ ನಿಂತಂತಾಗುತ್ತದೆ. ಇದಕ್ಕೆ ದುಬಾರಿ ಉಪಕರಣಗಳ ಕೊರತೆ ಕಾರಣವಲ್ಲ, ಕೆಲಸದ ಕ್ರಮ ತಲೆಕೆಳಗಾಗಿರುವುದು ಕಾರಣ. ಬಹಳಷ್ಟು ಜನ ರಿವರ್ಬಿನಲ್ಲಿ (ಕೋಣೆಯ ಗುಂಗಿನಂಥ ಎಫೆಕ್ಟ್) ಅದ್ದಿದ ಅಗಲವಾದ ಪ್ಯಾಡ್ (ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಸ್ವರಗಳ ಧ್ವನಿ) ಒಂದರಿಂದ ಶುರುಮಾಡಿ, ಅದರ ಕೆಳಗೆ ಬೇಸ್ ತುರುಕಿ, ಕೊನೆಗೆ ಡ್ರಮ್ ಸೇರಿಸುತ್ತಾರೆ. 1980ರ ದಶಕದ ಮೊದಲರ್ಧದಲ್ಲಿ ತಾಳಯಂತ್ರ ಮತ್ತು ಸ್ವರಗಳನ್ನು ತಾನಾಗಿ ಸಾಲಾಗಿ ನುಡಿಸುವ ಸೀಕ್ವೆನ್ಸರ್ ನಂಬಿ ಕಟ್ಟಿದ ಹಾಡುಗಳಲ್ಲಿ ಗಡಿಯಾರದ ಕೆಲಸ ಮಾಡುವ ತಾಳ ಮೊದಲು ಟೇಪಿಗೆ ಇಳಿಯಬೇಕಿತ್ತು, ಉಳಿದದ್ದೆಲ್ಲ ಅದಕ್ಕೆ ಒಗ್ಗಿಕೊಂಡು ಬರಬೇಕಿತ್ತು. ಕೆಳಗಿನ ಹಂತಗಳು ಆ ಕ್ರಮವನ್ನೇ ಅನುಸರಿಸುತ್ತವೆ. ದಯವಿಟ್ಟು ಹಂತಗಳನ್ನು ಹಿಂದುಮುಂದು ಮಾಡಬೇಡಿ.

ಹಂತ 1: ಸಲಕರಣೆ ಮತ್ತು ಸಿದ್ಧತೆ

ಒಂದು ಕಂಪ್ಯೂಟರ್, ಎರಡು ಇನ್‌ಪುಟ್ ಇರುವ ಆಡಿಯೊ ಇಂಟರ್‌ಫೇಸ್, ಕಂಪ್ಯೂಟರಿಗೆ ಸ್ವರಗಳ ಸೂಚನೆ ಕಳಿಸುವ 49 ಕೀಲಿಗಳ ಮಿಡಿ ಕೀಬೋರ್ಡ್, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಮತ್ತು ಒಂದು ಮೈಕ್ ಇದ್ದರೆ ಸಾಕು. ಧ್ವನಿಮುದ್ರಣ ತಂತ್ರಾಂಶವಾಗಿ ರೀಪರ್ ಬಳಸಬಹುದು. ಖರೀದಿಸುವ ಮೊದಲು 60 ದಿನ ಪರೀಕ್ಷಿಸಿ ನೋಡಲು ಅವಕಾಶವಿದೆ. ಸಿಂಥಸೈಜರ್‌ಗಳ ವಿಷಯದಲ್ಲಿ ಸರ್ಜ್ ಎಕ್ಸ್‌ಟಿ, ಟಾಲ್ ನಾಯ್ಸ್‌ಮೇಕರ್, ಯಮಾಹಾ ಡಿಎಕ್ಸ್7 ವಾದ್ಯವನ್ನು ಅನುಕರಿಸುವ ಡೆಕ್ಸ್ಡ್, ಜೂನೊ ವಾದ್ಯದ ಕೋರಸ್ಸನ್ನು (ಧ್ವನಿಯನ್ನು ಅಗಲಗೊಳಿಸುವ ಎಫೆಕ್ಟ್) ಅನುಕರಿಸುವ ಟಾಲ್ ಕೋರಸ್ ಎಲ್‌ಎಕ್ಸ್, ಈ ನಾಲ್ಕೂ ಉಚಿತವಾಗಿ ಸಿಗುತ್ತವೆ ಮತ್ತು ಇಡೀ ಆಲ್ಬಮ್ಮಿಗೆ ಸಾಲುತ್ತವೆ.

ಪ್ರಾಜೆಕ್ಟನ್ನು 48 ಕಿಲೊಹರ್ಟ್ಸ್, 24 ಬಿಟ್‌ಗೆ ಹೊಂದಿಸಿ. ನುಡಿಸುವಾಗ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೈಗೆತ್ತಿಕೊಳ್ಳುವ ಧ್ವನಿಯ ತುಂಡು) 128 ಸ್ಯಾಂಪಲ್ ಇರಲಿ. ಅದರಿಂದ ಆಗುವ ವಿಳಂಬ ಸುಮಾರು 2.7 ಮಿಲಿಸೆಕೆಂಡ್ ಮಾತ್ರ. ಮಿಕ್ಸಿಂಗ್ (ವಾದ್ಯಗಳ ಮಟ್ಟ ಹೊಂದಿಸುವ ಕೆಲಸ) ಶುರುವಾದ ಮೇಲೆ ಅದನ್ನು 1024ಕ್ಕೆ ಏರಿಸಿದರೆ ಕಂಪ್ಯೂಟರ್ ಏದುಸಿರು ಬಿಡುವುದಿಲ್ಲ. ಕೀಲಿ ಒತ್ತಿದ ಮೇಲೆ ಸ್ವರ ತಡವಾಗಿ ಬಂದಂತೆ ಬೆರಳಿಗೆ ಅನ್ನಿಸಿದರೆ ಮುಂದುವರಿಯಬೇಡಿ. ವಿಂಡೋಸ್ ಬಳಸುವವರಲ್ಲಿ ಈ ತೊಂದರೆ ಹೆಚ್ಚು, ವಿಳಂಬ ತಗ್ಗಿಸುವ, ಇಂಟರ್‌ಫೇಸಿನ ಸ್ವಂತ ಆಸಿಯೊ ಡ್ರೈವರನ್ನು ಆಯ್ಕೆ ಮಾಡದಿರುವುದೇ ಸಾಮಾನ್ಯವಾಗಿ ಅದರ ಮೂಲ.

ಹಂತ 2: ಇಡೀ ಆಲ್ಬಮ್ಮಿಗೆ ಐದೇ ಧ್ವನಿಗಳು

ಹಾಡುಗಳ ಗುಚ್ಛವೊಂದು ಆಲ್ಬಂ ಅನ್ನಿಸಿಕೊಳ್ಳುವುದು ಈ ಹಂತದಲ್ಲಿ. ಒಂದು ಹಾಡನ್ನೂ ಬರೆಯುವ ಮೊದಲು ಐದು ಧ್ವನಿಗಳನ್ನು ಆರಿಸಿಕೊಳ್ಳಿ: ಒಂದು ಡ್ರಮ್ ಕಿಟ್, ಒಂದು ಬೇಸ್, ಒಂದು ಪ್ಯಾಡ್, ಗಂಟೆಯ ನಾದದ ಒಂದು ಧ್ವನಿ ಮತ್ತು ಮುಖ್ಯ ರಾಗ ನುಡಿಸುವ ಒಂದು ಲೀಡ್. ಇವನ್ನು ಟೆಂಪ್ಲೇಟ್ ಆಗಿ ಉಳಿಸಿ, ಪ್ರತಿ ಹಾಡನ್ನೂ ಅದರಿಂದಲೇ ತೆರೆಯಿರಿ. ಒಂದು ಹಾಡಿಗೆ ಒಂದು ಅತಿಥಿ ಧ್ವನಿ ಬಂದುಹೋಗಬಹುದು, ಮನೆಯವರಾಗಿ ಉಳಿಯುವವರು ಮಾತ್ರ ಈ ಐವರೇ.

ಆರಿಸುವಾಗ ಹಳೆಯ ವಾದ್ಯಗಳ ಮಿತಿಯನ್ನೂ ಜೊತೆಗೆ ತೆಗೆದುಕೊಳ್ಳಿ, ಏಕೆಂದರೆ ನೀವು ಇಷ್ಟಪಡುವ ಆ ಧ್ವನಿಯ ಅರ್ಧ ಭಾಗ ಆ ಮಿತಿಯಲ್ಲಿದೆ. 1982ರ ರೋಲ್ಯಾಂಡ್ ಜೂನೊ-60 ಒಮ್ಮೆಗೆ ಆರು ಸ್ವರ ಮಾತ್ರ ನುಡಿಯಬಲ್ಲದು. ಕೀಲಿಯನ್ನು ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಅದಕ್ಕೆ ಒಂದೇ. ಹಾಗಾಗಿ ನಿಮ್ಮ ಪ್ಯಾಡಿನ ಧ್ವನಿಸಂಖ್ಯೆಯನ್ನು ಆರಕ್ಕೆ ಕಟ್ಟಿಹಾಕಿ, ಎಲ್ಲ ಸ್ವರಗಳ ವೆಲಾಸಿಟಿಯನ್ನು (ಕೀಲಿ ಒತ್ತಿದ ಬಲ) 100ಕ್ಕೆ ಸಮ ಮಾಡಿ. ಅದೇ ವರ್ಷದ ಎಸ್‌ಎಚ್-101 ಒಮ್ಮೆಗೆ ಒಂದೇ ಸ್ವರ ನುಡಿಯುವ ವಾದ್ಯ. ನಿಮ್ಮ ಬೇಸ್ ಕೂಡ ಹಾಗೆಯೇ ಇರಲಿ. 1983ರ ಡಿಎಕ್ಸ್7 ಮಾತ್ರ 16 ಸ್ವರಗಳನ್ನು ಒಟ್ಟಿಗೆ ನುಡಿಸಬಲ್ಲದು, ಬೆರಳಿನ ಒತ್ತಡಕ್ಕೂ ಸ್ಪಂದಿಸುತ್ತದೆ. ಆದ್ದರಿಂದ ಭಾವದ ಏರಿಳಿತವನ್ನು ಗಂಟೆಯ ಧ್ವನಿಗೆ ಬಿಟ್ಟು, ಪ್ಯಾಡಿನಲ್ಲಿ ಚಲನೆ ಬೇಕಿದ್ದಾಗ ಧ್ವನಿಯ ಹೊಳಪನ್ನು ಹೆಚ್ಚುಕಡಿಮೆ ಮಾಡುವ ಫಿಲ್ಟರನ್ನು ಕೈಯಿಂದ ನಿಧಾನವಾಗಿ ತೆರೆಯಿರಿ.

ಇಲ್ಲಿಯ ದೊಡ್ಡ ತಪ್ಪು ಪ್ರೀಸೆಟ್‌ಗಳ (ಮೊದಲೇ ತಯಾರಿಸಿಟ್ಟ ಧ್ವನಿಗಳ) ಹಿಂದೆ ಅಲೆಯುವುದು. ಇಂದಿನ ತಂತ್ರಾಂಶಗಳ ಪ್ರೀಸೆಟ್‌ಗಳು ಒಂಟಿಯಾಗಿ ಕೇಳಿಸಿ ಮೆಚ್ಚಿಸಲೆಂದೇ ತಯಾರಾಗಿರುತ್ತವೆ. ಒಂದರೊಳಗೇ ಮೂರು ಪದರ, ಡಿಲೇ (ಪ್ರತಿಧ್ವನಿ), ರಿವರ್ಬ್ ಎಲ್ಲವೂ ತುಂಬಿರುತ್ತವೆ. ಪ್ರೀಸೆಟ್ ತೆರೆದ ಕೂಡಲೇ ಅದರ ಒಳಗಿನ ಎಫೆಕ್ಟ್‌ಗಳನ್ನೆಲ್ಲ ನಿಲ್ಲಿಸಿ ಕೇಳಿ. ಬರಿಮೈಯಲ್ಲೂ ನಿಲ್ಲಬಲ್ಲ ಧ್ವನಿಯನ್ನಷ್ಟೇ ಇಟ್ಟುಕೊಳ್ಳಿ.

ಹಳೆಯ ಕಾಲದ ನೆನಪು ತರಲೆಂದು ಕ್ಯಾಸೆಟ್ಟಿನ ಸರಸರ, ರೆಕಾರ್ಡಿನ ಚಟಪಟ ಸೇರಿಸುವವರಿಗೆ ಒಂದು ಮಾತು. ಆ ಕಾಲದ ಸ್ಟುಡಿಯೊಗಳು ಸಾಧ್ಯವಾದಷ್ಟು ಶುಭ್ರವಾದ ಧ್ವನಿಗಾಗಿ ಶ್ರಮಿಸುತ್ತಿದ್ದವು. ಸದ್ದು ಸೇರಿದ್ದು ನಂತರ, ಕೇಳುವವರ ಮನೆಯಲ್ಲಿ. ನೆನಪು ಸ್ವರದಲ್ಲಿ, ತಾಳದಲ್ಲಿ, ಹಾಡುವ ಬಗೆಯಲ್ಲಿ ಇರಬೇಕೇ ಹೊರತು ಗದ್ದಲದಲ್ಲಿ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂತ 3: ವೇಗ ಮತ್ತು ಮೇಳ

ಮೊದಲ ಹಾಡಿಗೆ ನಿಮಿಷಕ್ಕೆ 120 ಬೀಟ್ (ಎಣಿಕೆ) ಇಟ್ಟುಕೊಳ್ಳಿ. ಲೆಕ್ಕ ಸುಲಭ, ನಡಿಗೆ ಸಹಜ. ಆಲ್ಬಮ್ಮಿನ ಬಹುಪಾಲು ಹಾಡುಗಳು 108ರಿಂದ 130ರ ನಡುವೆ ಇದ್ದು, ಒಂದೆರಡು ಅದರಾಚೆ ಹೋದರೆ ಹದವಾಗಿರುತ್ತದೆ.

ಕರ್ನಾಟಕ ಸಂಗೀತ ಕಲಿತವರಿಗೆ ಇಲ್ಲಿ ಒಂದು ಅನುಕೂಲವಿದೆ. ಈ ಬಗೆಯ ಹಾಡುಗಳಲ್ಲಿ ಹೆಚ್ಚಾಗಿ ಕಾಣುವ ನ್ಯಾಚುರಲ್ ಮೈನರ್ ಎಂಬ ಸ್ವರಶ್ರೇಣಿ ಎಂದರೆ ನಟಭೈರವಿ ಮೇಳದ ಸ್ವರಗಳೇ. ಡೋರಿಯನ್ ಎಂದರೆ ಖರಹರಪ್ರಿಯ. ಎರಡಕ್ಕೂ ಇರುವ ವ್ಯತ್ಯಾಸ ಧೈವತವೊಂದೇ. ಷಡ್ಜವನ್ನು ಎ ಸ್ವರದಲ್ಲಿಟ್ಟರೆ ನಟಭೈರವಿಯ ಶುದ್ಧ ಧೈವತ ಎಫ್ ಆಗುತ್ತದೆ, ಖರಹರಪ್ರಿಯದ ಚತುಶ್ರುತಿ ಧೈವತ ಎಫ್ ಶಾರ್ಪ್ ಆಗುತ್ತದೆ. ಹೀಗಾಗಿ ಮೊದಲನೆಯದರಲ್ಲಿ ಡಿ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಬಂದರೆ ಎರಡನೆಯದರಲ್ಲಿ ಡಿ ಮೇಜರ್ ಬರುತ್ತದೆ. ಡಿ ಮೇಜರ್ ನುಡಿಯುತ್ತಿರುವಾಗ ಹಾಡುವವರು ಶುದ್ಧ ಧೈವತಕ್ಕೆ ಇಳಿದರೆ ಅಪಸ್ವರ ಖಚಿತ. ಹಾಡಿಗೊಂದು ಮೇಳವನ್ನು ನಿರ್ಧರಿಸಿ, ಹಾಳೆಯ ಮೇಲೆ ಬರೆದಿಟ್ಟು, ಅದಕ್ಕೆ ಬದ್ಧರಾಗಿರಿ.

ಹಂತ 4: ತಾಳಯಂತ್ರ

ಕಿಕ್ (ದೊಡ್ಡ ಡ್ರಮ್), ಸ್ನೇರ್ (ಚಿಕ್ಕ, ಚುರುಕು ಡ್ರಮ್), ಹೈ-ಹ್ಯಾಟ್ (ಜೋಡಿ ತಾಳ), ಈ ಮೂರರಿಂದಲೇ ನಾಲ್ಕು ಆವರ್ತನೆಗಳ ತಾಳ ಕಟ್ಟಿ; ಒಂದು ಆವರ್ತನೆ ಎಂದರೆ ನಾಲ್ಕು ಎಣಿಕೆ. ಕಿಕ್ ನಾಲ್ಕೂ ಎಣಿಕೆಯ ಮೇಲೆ, ಸ್ನೇರ್ ಎರಡು ಮತ್ತು ನಾಲ್ಕರ ಮೇಲೆ, ಮುಚ್ಚಿದ ಹೈ-ಹ್ಯಾಟ್ ಪ್ರತಿ ಅರ್ಧ ಎಣಿಕೆಗೆ ಬರಲಿ. ಎಲ್ಲವನ್ನೂ ತಂತ್ರಾಂಶ ತೋರಿಸುವ ಎಣಿಕೆಯ ಗ್ರಿಡ್ಡಿಗೆ ಸರಿಯಾಗಿ ಕೂರಿಸಿ. ಮನುಷ್ಯರು ನುಡಿಸಿದಂತೆ ಇರಲೆಂದು ಹೊಡೆತಗಳನ್ನು ಆಚೀಚೆ ಜರುಗಿಸುವುದು ಬೇರೆ ಶೈಲಿಗಳಲ್ಲಿ ಒಪ್ಪಬಹುದು. ಇಲ್ಲಿ ಯಂತ್ರದ ಬಿಗಿತದ ಎದುರು ಮನುಷ್ಯನ ಕಂಠ ನಿಲ್ಲುವುದರಲ್ಲೇ ಹಾಡಿನ ಜೀವವಿದೆ. ಹೈ-ಹ್ಯಾಟಿನ ಗಟ್ಟಿತನವನ್ನು ಮಾತ್ರ ಒಂದು ಬಿಟ್ಟು ಒಂದಕ್ಕೆ ಸ್ವಲ್ಪ ಇಳಿಸಿ.

ಲಿನ್‌ಡ್ರಮ್ ಯಂತ್ರದಲ್ಲಿದ್ದದ್ದು ನಿಜವಾದ ಡ್ರಮ್ಮುಗಳ ಡಿಜಿಟಲ್ ಧ್ವನಿಮುದ್ರಣ. ಟಿಆರ್-808 ಯಂತ್ರದ ಕಿಕ್ ಮತ್ತು ಸ್ನೇರ್ ವಿದ್ಯುನ್ಮಂಡಲದಿಂದಲೇ ಹುಟ್ಟಿದವು. ಒಂದೇ ಕಿಟ್ಟಿನಲ್ಲಿ ಎರಡನ್ನೂ ಕಲಸಿದರೆ ಕಿಕ್ ಒಂದು ಕೋಣೆಯಲ್ಲಿ, ಸ್ನೇರ್ ಇನ್ನೊಂದರಲ್ಲಿ ಇದ್ದಂತೆ ಕೇಳುತ್ತದೆ. ಒಂದು ಕುಟುಂಬವನ್ನೇ ನೆಚ್ಚಿಕೊಳ್ಳಿ. ಹಳೆಯ ಧ್ವನಿಮುದ್ರಿಕೆಯಿಂದ ತಾಳದ ತುಣುಕನ್ನು ಕತ್ತರಿಸಿ ಬಳಸಬೇಡಿ, ಅದಕ್ಕೆ ಹಕ್ಕುದಾರರ ಅನುಮತಿ ಬೇಕಾಗುತ್ತದೆ.

ಜಾರುವ ಟಾಮ್ ಹೊಡೆತವನ್ನು ಸಿಂಥಸೈಜರಿನಲ್ಲೇ ಮಾಡಬಹುದು. ಸೈನ್ ತರಂಗವೊಂದನ್ನು ತೆಗೆದುಕೊಂಡು, ಅದರ ಸ್ಥಾಯಿ ಸುಮಾರು 250 ಮಿಲಿಸೆಕೆಂಡಿನಲ್ಲಿ ಒಂದು ಆಕ್ಟೇವ್ ಕೆಳಗೆ ಬೀಳುವಂತೆ ಹೊಂದಿಸಿ, ಆರಂಭದಲ್ಲಿ ಚಿಟಿಕೆಯಷ್ಟು ನಾಯ್ಸ್ ಬೆರೆಸಿ. ಇದನ್ನು ಎಂಟು ಆವರ್ತನೆಗೊಮ್ಮೆ, ಪಲ್ಲವಿಗೆ ತಿರುಗುವ ಜಾಗದಲ್ಲಿ ಮಾತ್ರ ಬಳಸಿ.

ಎಚ್ಚರಿಕೆಯ ಗುರುತು: ತಾಳವನ್ನಷ್ಟೇ ಎರಡು ನಿಮಿಷ ಕೇಳುವಾಗ ಕಾಲು ತಾನಾಗಿ ಕುಣಿಯದಿದ್ದರೆ ಮುಂದಿನ ಯಾವ ಪದರವೂ ಹಾಡನ್ನು ಉಳಿಸುವುದಿಲ್ಲ.

ಹಂತ 5: ಬೇಸ್

ಅತಿ ಹೆಚ್ಚು ಹಾಡುಗಳು ಕೆಡುವುದು ಇಲ್ಲಿಯೇ. ನನ್ನ ಮೊದಲ ನಾಲ್ಕು ಹಾಡುಗಳನ್ನು ಬೇಸಿನ ಮೇಲೆ ಕೋರಸ್ ಮತ್ತು ರಿವರ್ಬ್ ಹಾಕಿ ಕೆಡಿಸಿಕೊಂಡೆ, ಆಮೇಲೆ ತಿಂಗಳುಗಟ್ಟಲೆ ಈಕ್ವಲೈಜರ್ ತಿರುಗಿಸಿದರೂ ಅವು ಸರಿಹೋಗಲಿಲ್ಲ.

ಧ್ವನಿಯನ್ನು ಹೀಗೆ ಕಟ್ಟಿ. ಒಂದು ಸಾ-ಟೂತ್ ಅಥವಾ ಸ್ಕ್ವೇರ್ ತರಂಗ ತೆಗೆದುಕೊಂಡು ಮೇಲಿನ ಕಂಪನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರನ್ನು 300ರಿಂದ 400 ಹರ್ಟ್ಸ್ ಸುತ್ತ ಮುಚ್ಚಿ. ಪ್ರತಿ ಸ್ವರದ ಆರಂಭದಲ್ಲಿ ಫಿಲ್ಟರ್ ತುಸು ತೆರೆದು ಮುಚ್ಚುವಂತೆ ಎನ್ವಲಪ್ (ಸ್ವರದುದ್ದಕ್ಕೂ ಆಗುವ ಏರಿಳಿತ) ಕೊಡಿ. ಡಿಕೇ (ಇಳಿಯುವ ಅವಧಿ) 200 ಮಿಲಿಸೆಕೆಂಡ್, ಸಸ್ಟೇನ್ (ಇಳಿದ ಮೇಲೆ ನಿಲ್ಲುವ ಮಟ್ಟ) ಸೊನ್ನೆ. ಧ್ವನಿ ಮೋನೊ (ಎಡಬಲಕ್ಕೆ ಹರಡದಂತೆ) ಆಗಿರಲಿ, ನಡುವಿನಲ್ಲೇ ನಿಲ್ಲಲಿ. ನಂತರ ಅರ್ಧ ಎಣಿಕೆಗೊಂದರಂತೆ ಕೆಳಗಿನ ಆಕ್ಟೇವ್, ಮೇಲಿನ ಆಕ್ಟೇವ್ ಎಂದು ಅದಲುಬದಲಾಗಿ ನುಡಿಸಿ. ಪ್ರತಿ ಸ್ವರದ ಉದ್ದವನ್ನು ಅದರ ಜಾಗದ ಶೇಕಡಾ 70ಕ್ಕೆ ಮೊಟಕುಗೊಳಿಸಿ. ಸ್ವರಗಳ ನಡುವಿನ ಆ ಸಣ್ಣ ಮೌನವೇ ಬೇಸನ್ನು ಕುಣಿಸುತ್ತದೆ.

ಈಗ ಕಿಕ್ ಜೊತೆ ಒಟ್ಟಿಗೆ ಕೇಳಿ. ಷಡ್ಜ ಎ ಆಗಿರುವ ಹಾಡಿನಲ್ಲಿ ಕೆಳಗಿನ ಎ ಸ್ವರ 55 ಹರ್ಟ್ಸ್‌ನಲ್ಲಿ ಬರುತ್ತದೆ, ಕಿಕ್ಕಿನ ಮೂಲ ಕಂಪನವೂ ಹೆಚ್ಚಾಗಿ ಅದರ ಆಸುಪಾಸಿನಲ್ಲೇ ಇರುತ್ತದೆ. ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಬಾಗಿಲಲ್ಲಿ ನುಗ್ಗಿದರೆ ಇಬ್ಬರಿಗೂ ದಾರಿಯಿಲ್ಲ. ಕೂಡಲೇ ಈಕ್ವಲೈಜರ್‌ಗೆ ಕೈಹಾಕಬೇಡಿ. ಮೊದಲು ಬರವಣಿಗೆಯನ್ನೇ ಬದಲಾಯಿಸಿ ನೋಡಿ: ಕಿಕ್ ಬೀಳುವ ಜಾಗದಲ್ಲಿ ಮೇಲಿನ ಆಕ್ಟೇವ್ ಇಟ್ಟು, ಕೆಳಗಿನದನ್ನು ಅರ್ಧ ಎಣಿಕೆಯ ಮೇಲೆ ತಂದರೆ ಹತ್ತರಲ್ಲಿ ಏಳೆಂಟು ಸಲ ಜಗಳ ಅಲ್ಲಿಗೇ ಮುಗಿಯುತ್ತದೆ. ಹಾಗೂ ಉಳಿದರೆ ಕಿಕ್ಕಿನ ಸ್ಥಾಯಿಯನ್ನು ಒಂದೆರಡು ಸ್ವರ ಏರಿಸಿ ಅಥವಾ ಇಳಿಸಿ.

ಷಡ್ಜ ಇ ಆಗಿರುವ ಹಾಡುಗಳಲ್ಲಿ ಇನ್ನೊಂದು ತೊಡಕಿದೆ. ಕೆಳಗಿನ ಇ ಸುಮಾರು 41 ಹರ್ಟ್ಸ್. ಮೊಬೈಲಿನ ಸ್ಪೀಕರು ಅದನ್ನು ನುಡಿಯಲಾರದು. ಫಿಲ್ಟರನ್ನು ತುಸು ಹೆಚ್ಚು ತೆರೆದು ಮೂಲಸ್ವರದ ಜೊತೆ ಹುಟ್ಟುವ ಮೇಲಿನ ಉಪಸ್ವರಗಳಿಗೆ ಅವಕಾಶ ಕೊಟ್ಟರೆ ಕಿವಿ ಮೂಲಸ್ವರವನ್ನು ತಾನೇ ಊಹಿಸಿಕೊಳ್ಳುತ್ತದೆ.

ಬೇಸ್ ಗಿಟಾರ್ ನುಡಿಸುವ ಗೆಳೆಯರಿದ್ದರೆ ಅವರನ್ನು ಕರೆಯಿರಿ. ಪಿಕ್ ಹಿಡಿದು, ಮೇಲಿನ ತಂತಿಗಳಲ್ಲಿ, ಕೋರಸ್ ಎಫೆಕ್ಟ್ ಹಾಕಿ ನುಡಿಸುವ ರಾಗದಂಥ ಸಾಲು ಆ ಕಾಲದ ನ್ಯೂ ವೇವ್ ರಾಕ್ ಗುಂಪುಗಳ ಗುರುತುಗಳಲ್ಲಿ ಒಂದು. ಆಗ ತಳವನ್ನು ಸಿಂಥ್ ಬೇಸ್ ಹಿಡಿದಿರಲಿ, ಗಿಟಾರಿನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ.

ಹಂತ 6: ಪ್ಯಾಡ್, ಗಂಟೆ, ಲೀಡ್

ಕಾರ್ಡ್‌ಗಳು ಕಡಿಮೆ ಇರಲಿ. ಚರಣಕ್ಕೆ ಎರಡು, ಪಲ್ಲವಿಗೆ ಮೂರು ಅಥವಾ ನಾಲ್ಕು ಸಾಕು. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಹೋಗುವಾಗ ಕೈಯನ್ನು ಎತ್ತಿ ಹಾರಿಸದೆ, ಬೆರಳುಗಳನ್ನು ಹತ್ತಿರದ ಸ್ವರಕ್ಕೆ ಜರುಗಿಸಿ. ಎ-ಸಿ-ಇ ಹಿಡಿದ ಕೈ ಎ-ಸಿ-ಎಫ್ ಹಿಡಿಯಲು ಒಂದು ಬೆರಳು ಸರಿದರೆ ಸಾಕು, ಎ ಮೈನರ್ ಎಫ್ ಮೇಜರ್ ಆಗುತ್ತದೆ. ಮೂಲಸ್ವರವನ್ನು ಬೇಸ್ ಈಗಾಗಲೇ ನುಡಿಸುತ್ತಿರುವುದರಿಂದ ಎಡಗೈಯಲ್ಲಿ ಅದನ್ನು ಮತ್ತೆ ಒತ್ತಬೇಡಿ.

ಪ್ಯಾಡಿಗೆ ಅಟ್ಯಾಕ್ (ಸ್ವರ ಏರುವ ಅವಧಿ) 50 ಮಿಲಿಸೆಕೆಂಡ್, ರಿಲೀಸ್ (ಕೀಲಿ ಬಿಟ್ಟ ಮೇಲೆ ಆರುವ ಅವಧಿ) 600 ಮಿಲಿಸೆಕೆಂಡ್ ಸುತ್ತ ಇಟ್ಟು, 200 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈ-ಪಾಸ್ ಫಿಲ್ಟರಿನಿಂದ ತೆಗೆದುಹಾಕಿ. ಒಂಟಿಯಾಗಿ ಕೇಳಿದಾಗ ತೆಳುವೆನಿಸಬೇಕು; ಹಾಗೆ ಅನ್ನಿಸಿದರೆ ಸರಿಯಾಗಿದೆ ಎಂದರ್ಥ. ಅತಿಥಿಯಾಗಿ ಬರುವ ಬೇಸ್ ಗಿಟಾರನ್ನು ಬಿಟ್ಟರೆ ಕೋರಸ್ ಎಫೆಕ್ಟ್ ಒಂದೇ ಒಂದು, ಪ್ಯಾಡಿನ ಮೇಲೆ ಮಾತ್ರ. ಎಲ್ಲ ವಾದ್ಯಗಳಿಗೂ ಕೋರಸ್ ಹಾಕಿದರೆ ಯಾವುದೂ ಅಗಲವಾಗಿ ಕೇಳಿಸುವುದಿಲ್ಲ, ಏಕೆಂದರೆ ಕಿರಿದಾದುದರ ಪಕ್ಕದಲ್ಲಿ ಮಾತ್ರ ಅಗಲಕ್ಕೆ ಬೆಲೆ.

ಲೀಡ್ ಸಾಲು ಎರಡು ಆವರ್ತನೆಯೊಳಗೆ ಮುಗಿಯಲಿ, ಐದರಿಂದ ಏಳು ಸ್ವರಗಳಿರಲಿ. ಬರೆದ ಮರುದಿನ ಕಂಪ್ಯೂಟರ್ ಹಚ್ಚದೆ ಅದನ್ನು ಗುನುಗಲು ಯತ್ನಿಸಿ. ನೆನಪಿಗೆ ಬಾರದಿದ್ದರೆ ಬೇರೆ ಬರೆಯಿರಿ. ಗಂಟೆಯ ಧ್ವನಿಯನ್ನು ಆ ಸಾಲಿನ ಬಿಡುವುಗಳಲ್ಲಿ ಒಂದೆರಡು ಸ್ವರಗಳಾಗಿ ಮಾತ್ರ ಬಳಸಿ.

ಹಂತ 7: ಸಾಹಿತ್ಯ ಮತ್ತು ಕಂಠ

ಈ ಸಂಗೀತ ಬೆಳೆದದ್ದು ಇಂಗ್ಲಿಷಿನಲ್ಲಿ ಒತ್ತಿ ಉಚ್ಚರಿಸುವ ಅಕ್ಷರಗಳ ಮೇಲೆ. ಕನ್ನಡದಲ್ಲಿ ಹಾಡುವವರು ಆ ರಾಗದ ಅಚ್ಚಿನೊಳಗೆ ಪದಗಳನ್ನು ತುರುಕಿದಾಗ ಹ್ರಸ್ವ ಎಳೆದುಕೊಂಡು, ದೀರ್ಘ ಮೊಟಕಾಗಿ, ಮಾತು ವಿಕಾರವಾಗುತ್ತದೆ. ಪರಿಹಾರ ನಮ್ಮ ಛಂದಸ್ಸಿನಲ್ಲೇ ಇದೆ. ಅರ್ಧ ಎಣಿಕೆಯನ್ನು ಒಂದು ಮಾತ್ರೆ ಎಂದುಕೊಳ್ಳಿ. ಆಗ ಒಂದು ಆವರ್ತನೆಗೆ ಎಂಟು ಮಾತ್ರೆ. ನಾಲ್ಕು ಮಾತ್ರೆಯ ನಾಲ್ಕು ಗಣಗಳಿರುವ ಮಂದಾನಿಲ ರಗಳೆಯ ಒಂದು ಸಾಲು ಸರಿಯಾಗಿ ಎರಡು ಆವರ್ತನೆಗಳಲ್ಲಿ ಕೂರುತ್ತದೆ.

ಉದಾಹರಣೆಗೆ, "ನಗರದ ದೀಪಗಳಾರಿದ ಮೇಲೆ" ಎಂಬ ಸಾಲನ್ನು ನಗರದ, ದೀಪಗ, ಳಾರಿದ, ಮೇಲೆ ಎಂದು ಬಿಡಿಸಿ. ಮೊದಲ ಮೂರು ಗಣಗಳಿಗೆ ನಾಲ್ಕು ನಾಲ್ಕು ಮಾತ್ರೆ. ಕೊನೆಯ ಅಕ್ಷರವನ್ನು ಎಳೆದರೆ ನಾಲ್ಕನೆಯದಕ್ಕೂ ನಾಲ್ಕು. "ನ", "ದೀ", "ಳಾ", "ಮೇ" ಅಕ್ಷರಗಳು ಆವರ್ತನೆಯ ಒಂದು ಮತ್ತು ಮೂರನೆಯ ಎಣಿಕೆಗಳ ಮೇಲೆ ತಾವಾಗಿ ಬೀಳುತ್ತವೆ, ಎಲ್ಲೂ ಒತ್ತಾಯವಿಲ್ಲ. ಸಾಲಿಗೆ ಸ್ವಲ್ಪ ನೂಕು ಬೇಕಿದ್ದರೆ ಐದು ಮತ್ತು ಮೂರರ ಹಂಚಿಕೆ ಮಾಡಿ. "ಮರೆಯದಿರು ಗೆಳತಿ" ಎಂದರೆ ಐದು, ಮೂರು, ಒಟ್ಟು ಎಂಟು. ಇಲ್ಲಿ "ಗೆ" ಮೂರನೆಯ ಎಣಿಕೆಯನ್ನು ದಾಟಿ ಅರ್ಧದ ಮೇಲೆ ಬೀಳುವುದರಿಂದ ಸಾಲು ಮುಂದಕ್ಕೆ ವಾಲುತ್ತದೆ. ಪೂರ್ತಿ ಐದರ ಗಣಗಳಲ್ಲಿ ನಡೆಯುವ ಲಲಿತ ರಗಳೆಯ ಸಾಲಿಗೆ 20 ಮಾತ್ರೆಗಳಿರುವುದರಿಂದ ಅದು ಎರಡು ಆವರ್ತನೆಗಳನ್ನು ಮೀರುತ್ತದೆ. ಅದನ್ನು ಸದ್ಯಕ್ಕೆ ಬಿಟ್ಟುಬಿಡಿ.

ಎಣಿಸುವಾಗ ಹೆಚ್ಚಾಗಿ ಆಗುವ ತಪ್ಪು ಒತ್ತಕ್ಷರದ್ದು. "ಕತ್ತಲ" ಪದದಲ್ಲಿ "ತ್ತ" ಹಿಂದೆ ಇರುವ "ಕ" ಗುರುವಾಗುತ್ತದೆ. ಹಾಗಾಗಿ ಅಲ್ಲಿ ಇರುವುದು ಮೂರಲ್ಲ, ನಾಲ್ಕು ಮಾತ್ರೆ.

ಹಾಡುವಾಗ ಸ್ವರವನ್ನು ನೇರವಾಗಿ ಹಿಡಿಯಿರಿ. ಕಂಪನ, ಗಮಕಗಳನ್ನು ಚರಣದಲ್ಲಿ ಪೂರ್ತಿ ತಡೆಹಿಡಿದು, ಪಲ್ಲವಿಯ ಕೊನೆಯ ಸ್ವರಕ್ಕೆ ಒಂದನ್ನು ಮೀಸಲಿಟ್ಟರೆ ಅದರ ಪರಿಣಾಮವೇ ಬೇರೆ. ಫ್ಯಾನ್ ಆರಿಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು, ಅದನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತುಕೊಳ್ಳಿ. ಮೈಕಿನಿಂದ ಬಾಯಿ ಒಂದು ಗೇಣಿನಷ್ಟು ದೂರವಿರಲಿ, ಅತಿ ಜೋರಾದ ಜಾಗದಲ್ಲೂ ಮೀಟರು ಮೈನಸ್ 10 ಡೆಸಿಬಲ್ ದಾಟದಿರಲಿ. ಚರಣಕ್ಕೆ ಒಂದೇ ಕಂಠ. ಪಲ್ಲವಿಯನ್ನು ಇನ್ನೆರಡು ಸಲ ಹಾಡಿ, ಎಡಕ್ಕೊಂದು ಬಲಕ್ಕೊಂದು ಇಡಿ. ಒಂದೇ ಗಾಯನವನ್ನು ನಕಲು ಮಾಡಿ ಎರಡೂ ಬದಿಗಿಟ್ಟರೆ ಅಗಲ ಬರುವುದಿಲ್ಲ, ಗಟ್ಟಿತನ ಮಾತ್ರ ಹೆಚ್ಚುತ್ತದೆ.

ಹಂತ 8: ರಿವರ್ಬ್ ಮತ್ತು ಡಿಲೇ

ಇಲ್ಲಿಯವರೆಗೆ ಹಾಡು ಒಣಗಿದಂತೆ ಇರಬೇಕು. ಈಗ ಮಾತ್ರ ಧ್ವನಿಗಳ ಸುತ್ತ ಜಾಗವನ್ನು ತೆರೆಯಿರಿ.

ಸ್ನೇರಿನ ಆ ಪ್ರಸಿದ್ಧ ಸ್ಫೋಟಕ್ಕೆ ಗೇಟ್ ಮಾಡಿದ ರಿವರ್ಬ್ ಬೇಕು. ಸ್ನೇರನ್ನು ಸುಮಾರು ಎರಡು ಸೆಕೆಂಡಿನ ರಿವರ್ಬ್ ಇರುವ ಪ್ರತ್ಯೇಕ ಟ್ರ್ಯಾಕಿಗೆ ಕಳಿಸಿ, ರಿವರ್ಬಿನ ನಂತರ ಗೇಟ್ (ಬಾಗಿಲಿನಂತೆ ಧ್ವನಿಯನ್ನು ಬಿಟ್ಟು ತಡೆಯುವ ಎಫೆಕ್ಟ್) ಇಡಿ. ಗೇಟಿನ ಸೈಡ್‌ಚೈನಿಗೆ (ಯಾವ ಸದ್ದಿಗೆ ತೆರೆಯಬೇಕೆಂದು ತಿಳಿಸುವ ಇನ್‌ಪುಟ್) ರಿವರ್ಬ್ ಇಲ್ಲದ ಒಣ ಸ್ನೇರನ್ನು ಕೊಟ್ಟು, ಹೋಲ್ಡ್ (ತೆರೆದಿರುವ ಅವಧಿ) 200 ಮಿಲಿಸೆಕೆಂಡ್, ರಿಲೀಸ್ ಅತಿ ಕಡಿಮೆ ಇಟ್ಟರೆ ಗುಂಗು ದೊಡ್ಡದಾಗಿ ಎದ್ದು ಥಟ್ಟನೆ ಕಡಿದುಹೋಗುತ್ತದೆ. ಸೈಡ್‌ಚೈನ್ ಕೊಡುವುದನ್ನು ಮರೆತರೆ ಗೇಟ್ ರಿವರ್ಬಿನ ಸದ್ದಿಗೇ ತೆರೆದು ಮುಚ್ಚಿ ಬಾಲ ತೊದಲುತ್ತದೆ. ಆ ತೊದಲು ಕೇಳಿಸಿದರೆ ನೋಡಬೇಕಾದ ಜಾಗ ಅದೊಂದೇ.

ಡಿಲೇ ಹಾಡಿನ ವೇಗಕ್ಕೆ ಹೊಂದಬೇಕು. 60,000ವನ್ನು ವೇಗದಿಂದ ಭಾಗಿಸಿದರೆ ಒಂದು ಎಣಿಕೆಯ ಮಿಲಿಸೆಕೆಂಡ್ ಸಿಗುತ್ತದೆ, 120ಕ್ಕೆ 500. ಅದರ ಮುಕ್ಕಾಲು ಭಾಗವಾದ 375 ಮಿಲಿಸೆಕೆಂಡನ್ನು ಲೀಡ್ ಸಾಲಿಗೆ ಕೊಟ್ಟರೆ ಪ್ರತಿಧ್ವನಿಗಳು ಎಣಿಕೆಗಳ ನಡುವೆ ನೇಯ್ದುಕೊಳ್ಳುತ್ತವೆ.

ಹಂತ 9: ಮಿಕ್ಸಿಂಗ್

ಎಲ್ಲ ಫೇಡರುಗಳನ್ನೂ ಕೆಳಗಿಳಿಸಿ, ಕಿಕ್, ಬೇಸ್, ಸ್ನೇರ್, ಕಂಠ ಎಂಬ ಕ್ರಮದಲ್ಲಿ ಏರಿಸಿ. ಈ ನಾಲ್ಕರಲ್ಲೇ ಹಾಡು ನಿಲ್ಲಬೇಕು. ಆಮೇಲೆ ಪ್ಯಾಡನ್ನು ತನ್ನಿ. ಅದು ಕೇಳಿಸುತ್ತಿದೆ ಎಂದು ಗೊತ್ತಾದ ಕೂಡಲೇ ನಿಲ್ಲಿಸಿ. ಇಡೀ ಮಿಕ್ಸನ್ನು ಒಮ್ಮೆ ಮೋನೊದಲ್ಲಿ ಕೇಳಿ. ಆಗ ಪ್ಯಾಡ್ ಕಾಣೆಯಾದರೆ ಕೋರಸ್ ಅತಿಯಾಗಿದೆ, ಪಲ್ಲವಿ ಚರಣಕ್ಕಿಂತ ಸಣ್ಣದಾಗಿ ಕೇಳಿಸಿದರೆ ಇಕ್ಕೆಲದ ಕಂಠಗಳನ್ನು ನಡುವಿನದಕ್ಕಿಂತ ಮೇಲೆ ಇಟ್ಟಿದ್ದೀರಿ. ಮುಗಿದಾಗ ಮಾಸ್ಟರ್ ಮೀಟರು ಮೈನಸ್ 6 ಡೆಸಿಬಲ್ ಸುತ್ತ ಇರಲಿ.

ಹಂತ 10: ಹಾಡುಗಳ ಕ್ರಮ ಮತ್ತು ಮಾಸ್ಟರ್

ಎಂಟರಿಂದ ಹತ್ತು ಹಾಡು, ಒಟ್ಟು 40 ನಿಮಿಷದೊಳಗೆ. ಎಲ್‌ಪಿ ರೆಕಾರ್ಡಿನ ಒಂದು ಬದಿಗೆ ಸುಮಾರು 20 ನಿಮಿಷ ಹಿಡಿಸುತ್ತಿದ್ದ ಅಳತೆ ಇಂದಿಗೂ ಕಿವಿಗೆ ಒಗ್ಗುತ್ತದೆ. ಅಕ್ಕಪಕ್ಕದ ಹಾಡುಗಳಿಗೆ ಒಂದೇ ವೇಗ, ಒಂದೇ ಷಡ್ಜ ಎರಡೂ ಬೀಳದಂತೆ ಜೋಡಿಸಿ. ಐದೇ ಧ್ವನಿಗಳ ಆಲ್ಬಮ್ಮಿನಲ್ಲಿ ಇದನ್ನು ಮರೆತರೆ ಎರಡು ಹಾಡು ಒಂದಾಗಿ ಕರಗಿಹೋಗುತ್ತವೆ.

ಮಾಸ್ಟರಿಂಗನ್ನು (ಬಿಡುಗಡೆಗೆ ಮುಂಚಿನ ಕೊನೆಯ ಹದ) ಹಾಡಿಗೊಂದರಂತೆ ಬೇರೆಬೇರೆ ದಿನ ಮಾಡಬೇಡಿ. ಎಲ್ಲ ಹಾಡುಗಳನ್ನೂ ಒಂದೇ ಪ್ರಾಜೆಕ್ಟಿನಲ್ಲಿ ಸಾಲಾಗಿ ಇಟ್ಟು, ಕಂಠದ ಗಟ್ಟಿತನ ಎಲ್ಲದರಲ್ಲೂ ಒಂದೇ ಆಗುವಂತೆ ಮೊದಲು ಮಟ್ಟ ಸರಿಪಡಿಸಿ, ನಂತರ ಅತಿ ಜೋರಾದ ಕ್ಷಣಗಳನ್ನು ತಗ್ಗಿಸುವ ಲಿಮಿಟರ್ ಹಾಕಿ. ಲಿಮಿಟರ್ 2ರಿಂದ 3 ಡೆಸಿಬಲ್‌ಗಿಂತ ಹೆಚ್ಚು ತಗ್ಗಿಸುತ್ತಿದ್ದರೆ ಸ್ನೇರಿನ ಸ್ಫೋಟ ಮೊದಲು ಸಾಯುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಗಟ್ಟಿತನದ ಅಳತೆ) ಮಟ್ಟಕ್ಕೆ ಸಮ ಮಾಡುವುದರಿಂದ ಅತಿಯಾಗಿ ಹಿಂಡಿ ಗಟ್ಟಿ ಮಾಡಿದ ಹಾಡಿಗೆ ಅಲ್ಲಿ ಯಾವ ಲಾಭವೂ ಇಲ್ಲ. ಟ್ರೂ ಪೀಕ್ (ಧ್ವನಿ ಮುಟ್ಟುವ ನಿಜವಾದ ತುತ್ತತುದಿ) ಮೈನಸ್ 1 ಡೆಸಿಬಲ್‌ನಲ್ಲಿರಲಿ.

24 ಬಿಟ್ ವೇವ್ ಫೈಲುಗಳನ್ನು ತೆಗೆದು, ಒಂದು ವಾರ ಮುಟ್ಟದೆ ಇಟ್ಟು, ನಂತರ ಮೊಬೈಲ್ ಸ್ಪೀಕರಿನಲ್ಲಿ, ಕಾರಿನಲ್ಲಿ ಮತ್ತು ಹೆಡ್‌ಫೋನಿನಲ್ಲಿ ಆರಂಭದಿಂದ ಕೊನೆಯವರೆಗೆ ತಡೆಯದೆ ಕೇಳಿ. ಕೇಳುವಾಗ ಕೈಯಲ್ಲಿ ಕಾಗದ ಇರಲಿ. ಮೂರೂ ಕಡೆ ಒಂದೇ ಜಾಗದಲ್ಲಿ ಗುರುತು ಬಿದ್ದರೆ ಅದನ್ನು ತಿದ್ದಿ, ಒಂದೇ ಕಡೆ ಬಿದ್ದದ್ದನ್ನು ಹಾಗೇ ಬಿಡಿ.